ಬಿಡ್ತು ಅಂದಷ್ಟೂ ಬಿಡದ ಯೋಚನೆ

ಇದನ್ನ ಬರೀಲೋ ಬೇಡ್ವೋ ಅಂತ ತುಂಬಾ ದಿನದಿಂದ ಒದ್ದಾಡ್ತಿದ್ದೆ. ಅತ್ತೆ ಮನೆ ಕಡೆಯವರೆಲ್ಲ ಫ್ರೆಂಡ್ ಲಿಸ್ಟಲ್ಲಿ ಇದಾರೆ, ಓದ್ಕೊಳ್ಲಿ ಬಿಡಿ. ಮೊನ್ನೆ ಹೆರಿಗೆಯಾಗಿ ಒಂದು ತಿಂಗಳಾಗಿರೋ ಹುಡುಗಿಯೊಬ್ಳು ರಾತ್ರಿ ಹನ್ನೊಂದಕ್ಕೆ "ಅಕ್ಕಾ, ನಂಗೆ ಹುಚ್ಚು ಹಿಡೀತಿದೆ ಅನ್ಸುತ್ತೆ" ಅಂತ ಮೆಸೇಜ್ ಮಾಡಿದ್ಳು. ಏನಾಯ್ತೇ ಅಂದ್ರೆ ಹೇಳಲ್ಲ, ಟೈಪ್ ಮಾಡ್ತಾಳೆ ಅಳಿಸ್ತಾಳೆ, ಟೈಪ್ ಮಾಡ್ತಾಳೆ ಅಳಿಸ್ತಾಳೆ. ನಂಗೆ ಗೊತ್ತಾಗೋಯ್ತು, ಯಾಕಂದ್ರೆ 2021ರಲ್ಲಿ ನಾನೂ ಹಂಗೇ ಇದ್ದೆ.

ಶಿವಮೊಗ್ಗದಲ್ಲಿ ಅಮ್ಮನ ಮನೇಲಿ ಬಾಣಂತನ. ಮಗಳಿಗೆ ಇಪ್ಪತ್ತೆರಡು ದಿನ. ಅಮ್ಮ ನಡುಮನೇಲಿ ಈಳಿಗೆಮಣೆ ಹಾಕ್ಕೊಂಡು ಹೀರೇಕಾಯಿ ಹೆಚ್ತಿದ್ರು, ನಾನು ಪಾಪುಗೆ ತೇಗು ಬರ್ಲಿ ಅಂತ ಹೆಗಲ ಮೇಲೆ ಹಾಕ್ಕೊಂಡು ಬೆನ್ನು ತಟ್ತಾ ಓಡಾಡ್ತಿದ್ದೆ. ಕಿಟಕಿ ಬಿಸಿಲಿಗೆ ಈಳಿಗೆ ಫಳ್ ಅಂತು. ಅಷ್ಟೇ. ತಲೇಲಿ ಒಂದು ಚಿತ್ರ ಬಂದೋಯ್ತು, ಅದನ್ನ ಬರಿಯಲ್ಲ, ತಾಯಿ ಆದವ್ಳು ಯೋಚಿಸಬಾರದ್ದು. ಕೈಕಾಲು ತಣ್ಣಗಾಯ್ತು, ಪಾಪುನ ಅಮ್ಮನ ಮಡಿಲಿಗೆ ಹಾಕಿ ಬಚ್ಚಲಿಗೆ ಹೋಗಿ ನಿಂತ್ಕೊಂಡು "ಬಿಡ್ತು ಬಿಡ್ತು ಬಿಡ್ತು" ಅಂದೆ.

ನಮ್ಮನೇಲಿ ಅಪಶಕುನದ ಮಾತು ಬಾಯಿಗೆ ಬಂದ್ರೆ ತಕ್ಷಣ "ಬಿಡ್ತು ಅನ್ನು" ಅಂತಾರೆ, ಅಸ್ತು ದೇವತೆಗಳು ಓಡಾಡ್ತಿರ್ತಾರೆ, ಅಸ್ತು ಅಂದ್ಬಿಟ್ರೆ ನಿಜ ಆಗೋಗತ್ತೆ ಅಂತ. ಮಾತಿಗೇ ಹಂಗಾದ್ರೆ ಯೋಚನೆಗೆ? ಮೊದಲು ಮೂರು ಸಲ ಸಾಕಾಗ್ತಿತ್ತು, ವಾರದಲ್ಲಿ ಒಂಬತ್ತಾಯ್ತು, ಮಧ್ಯ ಯಾರಾದ್ರೂ ಕರೆದ್ರೆ ಮತ್ತೆ ಒಂದರಿಂದ ಶುರು. ಈಳಿಗೇನ ಅಟ್ಟಕ್ಕೆ ಹಾಕಿಸ್ದೆ, "ಪಾಪು ಅಂಬೆಗಾಲಿಟ್ಕೊಂಡು ಬಂದ್ರೆ?" ಅಂದೆ, ತಿಂಗಳೂ ತುಂಬಿರದ ಮಗು ಅಂಬೆಗಾಲಾ ಅಂತ ಅಮ್ಮ ನಕ್ಕಿದ್ದೇ ನಕ್ಕಿದ್ದು. ತಾರಸಿಗೆ ಹೋಗೋದು ಬಿಟ್ಟೆ. ಎಣ್ಣೆ ನೀರು ಹಾಕೋಕೆ ಬರ್ತಿದ್ದ ಅಜ್ಜಿ ಒಂದಿನ ಬರ್ಲಿಲ್ಲ ಅಂತ ಮಗುಗೆ ಆವತ್ತು ಸ್ನಾನವೇ ಇಲ್ಲ, ನೀರಿನ ಹತ್ರ ನನ್ನ ಕೈ ಮೇಲೆ ನಂಗೇ ನಂಬಿಕೆ ಇರ್ಲಿಲ್ಲ. ಅಮ್ಮ ದೃಷ್ಟಿ ಅಂದ್ಕೊಂಡು ಉಪ್ಪು ಮೆಣಸಿನಕಾಯಿ ನಿವಾಳಿಸಿದ್ರು. ಮೊದಲು ತೋರಿಸಿದ ಡಾಕ್ಟ್ರು ಪಾಸಿಟಿವ್ ಆಗಿ ಯೋಚ್ನೆ ಮಾಡಮ್ಮ, ಕೆಟ್ಟದ್ದು ಬಂದ್ರೆ ತಳ್ಳಿಹಾಕು ಅಂದ್ರು. ತಳ್ಳೋದನ್ನೇ ತಾನೇ ಸ್ವಾಮಿ ನಾನು ದಿನವಿಡೀ ಮಾಡ್ತಿದ್ದಿದ್ದು!

ಔಷಧಿ ಕುಡಿಯುವಾಗ ಕೋತಿ ನೆನೆಸ್ಕೋಬೇಡ ಅಂದ ವೈದ್ಯರ ಕಥೆ ಕೇಳಿರ್ತೀರಲ್ಲ, ಅದೇ ಇದು. 1987ರಲ್ಲಿ ಅಮೆರಿಕದಲ್ಲಿ ಡೇನಿಯಲ್ ವೆಗ್ನರ್ ಅನ್ನೋ ಮನಶ್ಶಾಸ್ತ್ರಜ್ಞರು ಇದನ್ನ ಟೆಸ್ಟೇ ಮಾಡಿದಾರೆ, ಕೋತಿ ಬದ್ಲು ಬಿಳಿ ಕರಡಿ. 5 ನಿಮಿಷ ಕರಡಿ ನೆನೆಸ್ಕೋಬೇಡಿ, ನೆನಪಾದ್ರೆ ಬೆಲ್ ಹೊಡೀರಿ ಅಂದ್ರೆ ಎಲ್ರೂ ಬೆಲ್ ಹೊಡೆದಿದ್ದೇ, ಆಮೇಲೆ ಈಗ ಬೇಕಾದ್ರೆ ನೆನೆಸ್ಕೊಳ್ಳಿ ಅಂದಾಗ ಮೊದ್ಲು ತಡೆದಿದ್ದವರಿಗೇ ಕರಡಿ ಜಾಸ್ತಿ ಬಂತಂತೆ.

ನನ್ನ ಉಳಿಸಿದ್ದು ಎರಡನೇ ಡಾಕ್ಟ್ರ ಒಂದು ಪ್ರಶ್ನೆ. "ಆ ಚಿತ್ರ ಬಂದಾಗ ನಿಮಗೆ ಏನನ್ಸುತ್ತೆ?" ಸತ್ತೋಗೋಷ್ಟು ಭಯ ಆಗುತ್ತೆ ಮೇಡಂ ಅಂದೆ. ನಿಮಗೆ ಮಗು ಮೇಲೆ ಪ್ರಾಣ, ಅದಕ್ಕೇ ಇಷ್ಟು ಹೆದರ್ತಿದೀರ, ಇದು ಓಸಿಡಿ, ಬೇಡದ ಯೋಚನೆ ಪದೇಪದೇ ಬಂದು ಆ ಭಯ ಕಳ್ಕೊಳ್ಳೋಕೆ ಮಾಡಿದ್ದನ್ನೇ ಮಾಡಿಸೋ ಕಾಯಿಲೆ, ಬಾಣಂತೀರಲ್ಲಿ ಹೊಸದಲ್ಲ ಅಂದ್ರು. ಇಂಥ ಬೇಡದ ಯೋಚನೆ ಯಾರಿಗೆ ಬರಲ್ಲ ಹೇಳಿ, 2014ರಲ್ಲಿ 13 ದೇಶದ 777 ಸ್ಟೂಡೆಂಟ್ಸ್‌ನ ಕೇಳಿದ್ರೆ ನೂರಕ್ಕೆ 94 ಜನ ಹಿಂದಿನ ಮೂರು ತಿಂಗಳಲ್ಲಿ ಒಂದಾದ್ರೂ ಬಂದಿತ್ತು ಅಂದಿದಾರೆ. ಹೆಚ್ಚಿನವರು ಥೂ ಅಂದು ಮುಂದೆ ಹೋಗ್ತಾರೆ, ನಾನು ಅದಕ್ಕೆ ಮಣೆ ಹಾಕಿ ಕೂರಿಸಿದ್ದೆ.

ಮಾತ್ರೆ ಕೊಟ್ರು, ಹಾಲು ಕುಡಿಸ್ತಿದೀನಿ ಅಂತ ನೋಡೇ ಕೊಟ್ರು. ನಿಜವಾದ ಕಷ್ಟ ಇದ್ದಿದ್ದು ಥೆರಪೀಲಿ. ಭಯ ಪಡೋ ವಸ್ತು ಎದುರು ಕೂರಬೇಕು, ಆದ್ರೆ ಬಿಡ್ತು ಅನ್ನಂಗಿಲ್ಲ, ಬಚ್ಚಲಿಗೆ ಓಡಂಗಿಲ್ಲ, "ನಾನು ಹಂಗೆ ಮಾಡಲ್ಲ ಅಲ್ವಾ?" ಅಂತ ಅಮ್ಮನ್ನ ಕೇಳಂಗೂ ಇಲ್ಲ. ಈಳಿಗೆ ಅಟ್ಟದಿಂದ ಇಳೀತು. ಮೊದಲು ಅದು ಅಡುಗೆಮನೇಲಿ, ನಾನೂ ಮಗುವೂ ನಡುಮನೇಲಿ. ಭಯಕ್ಕೆ ನೂರಕ್ಕೆ ಎಷ್ಟು ಅಂತ ಮಾರ್ಕ್ಸ್ ಬರೀಬೇಕಿತ್ತು, ತೊಂಬತ್ತು ಅಂತ ಬರೆದೆ, ನಾಲಿಗೆ ತುದೀಲಿ ಬಿಡ್ತು ಕುಣೀತಿದೆ, ಹಲ್ಲು ಕಚ್ಕೊಂಡು ಕೂತೆ, ಮುಕ್ಕಾಲು ಗಂಟೆ ಆದ್ಮೇಲೆ ನೋಡಿದ್ರೆ ಅದೇ ತಾನಾಗಿ ನಲವತ್ತಕ್ಕೆ ಇಳಿದಿತ್ತು, ನಾನೇನೂ ಮಾಡ್ದೇನೇ. ಮೂರನೇ ತಿಂಗಳಿಗೆ ಪಾಪು ಪಕ್ಕದ ತೊಟ್ಟಿಲಲ್ಲಿ, ನಾನು ಈಳಿಗೆ ಮುಂದೆ ಬೀನ್ಸ್ ಹೆಚ್ಚೋಕೆ. ಆ ಹುಳಿಗೆ ಉಪ್ಪು ಹಾಕೋದೇ ಮರ್ತಿದ್ದೆ, ಯಾರೂ ಏನೂ ಅನ್ಲಿಲ್ಲ.

ಒಂದು ಮಾತು ಮಾತ್ರ ಸೀರಿಯಸ್ಸಾಗಿ. ಆ ಯೋಚನೆ ತಪ್ಪು ಅಂತ್ಲೇ ಅನ್ಸದೆ ಹೋದ್ರೆ, ಯಾರೋ ಮಾಡು ಅಂತ ಹೇಳಿದಂಗೆ ಕೇಳಿಸಿದ್ರೆ, ನಿಮಗೇ ಬದುಕೋದು ಬೇಡ ಅನ್ಸಿದ್ರೆ, ಆವಾಗ ಕಾಯ್ಬೇಡಿ, ಒಬ್ರೇ ಇರ್ಬೇಡಿ, ಆವತ್ತೇ ಆಸ್ಪತ್ರೆಗೆ ಹೋಗಿ. ಅಷ್ಟಿಲ್ಲದಿದ್ರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಫ್ರೀ, ಕನ್ನಡದಲ್ಲೇ ಮಾತಾಡ್ಬೋದು. ನನ್ನ ಕಾಲಕ್ಕೆ ಇರ್ಲಿಲ್ಲ, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ಆ ಹುಡುಗೀಗೂ ಅದೇ ನಂಬರ್ ಕೊಟ್ಟೆ, ನನ್ನ ಈಳಿಗೆ ಕಥೇನೂ ಹೇಳಿದೆ. ಆಮೇಲೇ ಅವಳು ಅಳಿಸದೆ ಪೂರ್ತಿ ಟೈಪ್ ಮಾಡಿದ್ದು.

ಈಗ್ಲೂ ಯೋಚನೆ ಬರುತ್ತೆ, ಬಸ್ ಬಾಗಿಲಲ್ಲಿ, ಮೆಟ್ಟಿಲಲ್ಲಿ. ಓ ಬಂದ್ಯಾ, ಕೂತ್ಕೋ, ನಂಗೆ ಕೆಲಸ ಇದೆ ಅಂತೀನಿ. ಕೆಲವು ದಿನ ಅದೂ ಆಗಲ್ಲ, ಒಂದೆರಡು ಬಿಡ್ತು ಬಾಯಿಂದ ಜಾರ್ತಾವೆ.

ಕಳೆದ ಭಾನುವಾರ ಮಗಳು ಚಕ್ಲಿ ತಿಂತಾ "ಅಜ್ಜಿ, ನೀನು ಸತ್ತೋದ್ರೆ ಚಕ್ಲಿ ಯಾರು ಮಾಡ್ತಾರೆ?" ಅಂದ್ಳು. ಅಮ್ಮ ಗಾಬರಿಯಾಗಿ "ಏ, ಬಿಡ್ತು ಅನ್ನೇ!" ಅಂದ್ರು. "ಬಿಡ್ತು" ಅಂದ್ಳು, ಡಬ್ಬಿಯಿಂದ ಇನ್ನೊಂದು ಎತ್ಕೊಂಡ್ಳು, ಆಟಕ್ಕೆ ಓಡಿದ್ಳು.