ನಾನು ಮ್ಯೂನಿಕ್‌ನಲ್ಲಿದ್ದೆ, ನನ್ನ ಕಾರು ಕೃಷ್ಣಗಿರಿ ಟೋಲ್ ದಾಟಿತ್ತು

ಕಳೆದ ಬೇಸಿಗೆಯ ಒಂದು ರಾತ್ರಿ. ಪಾತ್ರೆ ತೊಳೆಯುತ್ತಿದ್ದಾಗ ಫೋನಿಗೆ ಮೆಸೇಜ್ ಬಂತು. ಫಾಸ್ಟ್ಯಾಗ್‌ನಿಂದ ದುಡ್ಡು ಕಟ್ ಆಗಿದೆ, ಕೃಷ್ಣಗಿರಿ ಟೋಲ್. ನನ್ನ ಸ್ವಿಫ್ಟ್ ಇರಬೇಕಾಗಿದ್ದು ಮೈಸೂರಿನಲ್ಲಿ, ಅಪ್ಪನ ಮನೆಯಲ್ಲಿ. ಊರಲ್ಲಿ ಆಗ ನಡುರಾತ್ರಿ ದಾಟಿತ್ತು. ಅಪ್ಪ ಏಳೋದು ಐದೂವರೆಗೆ. ಇಲ್ಲಿ ಎರಡು ಗಂಟೆಯಾಗುವವರೆಗೆ ಕಾದು ಕೂತೆ.

"ಸರ್ವಿಸ್‌ಗೆ ಬಿಟ್ಟಿದ್ದೀನಿ ಅಂದನಲ್ಲಪ್ಪ, ಮೂರು ವಾರ ಆಯ್ತು" ಅಂದರು ಅಪ್ಪ. ಅವರಿಗೆ ಡ್ರೈವಿಂಗ್ ಬರಲ್ಲ. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋಕೆ ಒಬ್ಬ ಹುಡುಗನನ್ನು ಗೊತ್ತುಮಾಡಿದ್ದೆ. ಅಪ್ಪನ ಕೈಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದ ಹುಡುಗ. ಅವನ ಫೋನ್ ಸ್ವಿಚ್ ಆಫ್.

ಕಾರನ್ನು ಮಾರಿಬಿಟ್ಟಿದ್ದ. ಟ್ಯಾಗ್ ಕಿತ್ತುಹಾಕೋದನ್ನು ಮಾತ್ರ ಮರೆತಿದ್ದ.

ಒರಿಜಿನಲ್ ಆರ್‌ಸಿ ಡ್ಯಾಶ್‌ಬೋರ್ಡ್‌ನಲ್ಲೇ ಇತ್ತು. ಆರ್‌ಸಿಗೆ ಕೊಟ್ಟಿದ್ದ ನನ್ನ ಹಳೇ ಸಿಮ್ ರೀಚಾರ್ಜ್ ಇಲ್ಲದೆ ಯಾವತ್ತೋ ಬಂದ್ ಆಗಿತ್ತು, ಹಾಗಾಗಿ ಆರ್‌ಸಿ ಬಗ್ಗೆ ಯಾವ ಮೆಸೇಜೂ ನನಗೆ ಬರಲಿಲ್ಲ. ಬೇರೆ ರಾಜ್ಯಕ್ಕೆ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬೇಕಾದರೆ ಫಾರಂ 28, ಮಾಲೀಕತ್ವ ಬದಲಾಯಿಸೋಕೆ 29 ಮತ್ತು 30. ಎಲ್ಲದರಲ್ಲೂ ನನ್ನ ಸಹಿ ಇತ್ತಂತೆ. ಆಮೇಲೆ ನನ್ನ ತಮ್ಮ ಅದರ ಫೋಟೋ ಕಳಿಸಿದ. ನೋಡಿ ಕೈ ನಡುಗಿತು. ಕಾಲೇಜಿನಿಂದಲೂ ನಾನು ಕನ್ನಡದಲ್ಲೇ ಸಹಿ ಮಾಡುವವನು. ಅಲ್ಲಿದ್ದದ್ದು ಇಂಗ್ಲಿಷ್ ಸಹಿ. ಆರ್‌ಟಿಒದವರು ಹಳೇ ಕಾಗದದ ಜೊತೆ ಒಂದು ಸಲ ಹೋಲಿಸಿ ನೋಡಿದ್ದರೆ ಸಾಕಿತ್ತು, ಅಲ್ವಾ?

ಠಾಣೆಯಲ್ಲಿ ಮೊದಲು "ಮಾಲೀಕರೇ ಬರಲಿ" ಅಂದರು. ಅದು ತಪ್ಪು. ವಿಷಯ ಗೊತ್ತಿರುವ ಯಾರು ಬೇಕಾದರೂ ದೂರು ಕೊಡಬಹುದು. ಈಗಿನ ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದಲು ಬಂದ ಕಾನೂನು) 173ನೇ ಸೆಕ್ಷನ್ ಪ್ರಕಾರ ಮೇಲ್‌ನಲ್ಲೂ ಕೊಡಬಹುದು, ಆದರೆ ಮೂರು ದಿನದೊಳಗೆ ಸಹಿ ಹಾಕಬೇಕು. ಅಷ್ಟು ಬೇಗ ಊರಿಗೆ ಹೋಗಿ ಸಹಿ ಹಾಕೋದು ನನ್ನಿಂದ ಆಗಲಿಲ್ಲ. ತಮ್ಮನೇ ದೂರುದಾರನಾದ. ಕೋರ್ಟ್ ಕೆಲಸಕ್ಕೆ ಇಲ್ಲಿನ ಕಾನ್ಸುಲೇಟ್‌ನಲ್ಲಿ ತಮ್ಮನ ಹೆಸರಿಗೆ ಜಿಪಿಎ (ನನ್ನ ಪರವಾಗಿ ನಡೆದುಕೊಳ್ಳೋ ಅಧಿಕಾರ ಪತ್ರ) ಮಾಡಿಸಿ ಕಳಿಸಿದೆ. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಿಸಬೇಕು, ಮರೆಯಬೇಡಿ.

"ಹೋಗ್ಲಿ ಬಿಡಪ್ಪ, ಅವನಿಗೂ ಹೆಂಡ್ತಿ ಮಕ್ಕಳಿದ್ದಾರೆ" ಅಂದರು ಅಪ್ಪ. ನನಗೂ ಸಂಕಟ ಆಯ್ತು. ಆದರೂ ಬಿಡೋ ಹಾಗಿರಲಿಲ್ಲ. ತಮಿಳುನಾಡಿನಲ್ಲಿ ಕಾರು ಇನ್ನೂ ಬೇರೆ ಹೆಸರಿಗೆ ಆಗಿರಲಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರವೂ ಅವರ ತಲೆ ಮೇಲೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಕಾರು ದಾರಿಯಲ್ಲಿ ಯಾರಿಗಾದರೂ ಗುದ್ದಿದ್ದರೆ? ಎಷ್ಟೋ ರಾತ್ರಿ ಇದೇ ಯೋಚನೆ.

ಕಾರು ಧರ್ಮಪುರಿಯ ಹತ್ತಿರ ಸಿಕ್ಕಿತು. ಕೊಂಡವರು ಚಿನ್ನ ಅಡವಿಟ್ಟು ನಾಲ್ಕು ಲಕ್ಷ ಕೊಟ್ಟಿದ್ದರು. ತನ್ನದಲ್ಲದ್ದನ್ನು ಮಾರಿದವನಿಂದ ಕೊಂಡರೆ, ದುಡ್ಡು ಕೊಟ್ಟಿದ್ದರೂ ಆ ವಸ್ತು ಸಾಮಾನ್ಯವಾಗಿ ಕೊಂಡವರದಾಗಲ್ಲ. 1930ರ ಸರಕು ಮಾರಾಟ ಕಾಯ್ದೆ ಹೇಳೋದು ಇದನ್ನೇ. ಕಾನೂನು ನನ್ನ ಕಡೆ ಇತ್ತು. ಆದರೆ ಮೋಸ ಹೋದವರು ನಾವಿಬ್ಬರೂ. ಕಾರು ಎರಡು ತಿಂಗಳು ಠಾಣೆಯ ಹೊಂಗೆ ಮರದಡಿ ನಿಂತು, ಒಂದು ಟೈರ್ ನೆಲಕ್ಕೆ ಕೂತ ಮೇಲೆ ಕೋರ್ಟಿನಿಂದ ಬಿಡಿಸಿಕೊಂಡೆವು.

ಆಧಾರ್ ಬಯೋಮೆಟ್ರಿಕ್ ಅನ್ನು ನಾವೇ ಲಾಕ್ ಮಾಡಬಹುದು. ಆರ್‌ಸಿಗೂ ಹಾಗೇ ಒಂದು ಲಾಕ್ ಇರಬೇಕು. ನಾನು ತೆಗೆಯೋ ತನಕ ಯಾವ ಫಾರಂ ಕೂಡ ಮುಂದೆ ಹೋಗಬಾರದು. ಊರಲ್ಲಿ ಕಾರು ಬಿಟ್ಟು ಬಂದಿರುವ ಎಷ್ಟು ಜನ ಇದ್ದೀವಿ ಇಲ್ಲಿ! ಒಟ್ಟಿಗೆ ಕೇಳೋಣ. ಅಲ್ಲಿಯವರೆಗೆ ಆರ್‌ಸಿಗೆ ಚಾಲ್ತಿಯಲ್ಲಿರುವ ನಂಬರ್ ಕೊಡಿ. ಒರಿಜಿನಲ್ ಬೀರುವಿನಲ್ಲಿರಲಿ.

ಕಾರನ್ನು ನನ್ನ ತಮ್ಮ ತೊಳೆಸುವಾಗ ಹಿಂದಿನ ಸೀಟಿನಡಿ ಒಂದು ಪುಟ್ಟ ಬೆಳ್ಳಿ ಕಾಲ್ಗೆಜ್ಜೆ ಸಿಕ್ಕಿತು. ಧರ್ಮಪುರಿಯವರ ಮಗಳದು. ಕೊರಿಯರ್‌ನಲ್ಲಿ ಕಳಿಸಿದ್ದೇವೆ. ಅವರೂ ಆ ಹುಡುಗನ ಮೇಲೆ ಕೇಸು ಹಾಕಿದ್ದಾರೆ. ಸಾಕ್ಷಿಗೆ ಬರ್ತೀನಿ ಅಂತ ಮಾತು ಕೊಟ್ಟಿದ್ದೇನೆ. ಡಿಸೆಂಬರ್‌ಗೆ ಟಿಕೆಟ್ ಬುಕ್ ಆಗಿದೆ.