ಊರಿಗೆ ಒಯ್ಯಲು ಖಮ್ರಾನಾ, ಖಮ್ರಾ ಕಹ್ವಾನಾ?

ದುಬೈಯಿಂದ ರಜೆಗೆ ಹೊರಟ ನಮ್ಮ ಕರಾವಳಿಯ ಹುಡುಗರು ಪರ್ಫ್ಯೂಮ್ ಅಂಗಡಿಯಲ್ಲಿ ನಿಂತು ಇದೇ ಕೇಳುತ್ತಾರೆ. ಎರಡೂ ಲತಾಫಾ ಕಂಪನಿಯ ಪರ್ಫ್ಯೂಮ್‌ಗಳೇ. ಖಮ್ರಾ 2022ರಲ್ಲಿ ಬಂತು, ಕಹ್ವಾ ಅದರ ಮರುವರ್ಷ. ಚಕ್ಕೆ, ಪ್ರಲೀನ್ (ಸಕ್ಕರೆ ಪಾಕದ ಬಾದಾಮಿಯಂಥ ಸಿಹಿ), ವೆನಿಲಾ ಎರಡರಲ್ಲೂ ಇವೆ. ಖಮ್ರಾದಲ್ಲಿ ಖರ್ಜೂರದ ಸಿಹಿ ಮುಂದೆ ಬರುತ್ತದೆ. ಕಹ್ವಾದಲ್ಲಿ ಏಲಕ್ಕಿ, ಶುಂಠಿ, ಪಾಕದಲ್ಲಿ ಅದ್ದಿದ ಹಣ್ಣು, ಜೊತೆಗೆ ಕಾಫಿ. ಆದರೆ ನಮ್ಮ ಫಿಲ್ಟರ್ ಕಾಫಿಯ ಘಮ ಹುಡುಕಬೇಡಿ, ಅದು ಬೇರೆಯೇ.

ಮಂಗಳೂರು, ಉಡುಪಿ ಕಡೆಗೆ ಒಯ್ಯುವುದಾದರೆ ನಾನು ಕಹ್ವಾ ಅಂತೀನಿ.

ಇಲ್ಲಿ ದುಬೈಯಲ್ಲಿ ಹೊರಗೆ ಎಷ್ಟೇ ಸುಡಲಿ, ನಮ್ಮ ದಿನ ಕಳೆಯುವುದು ಏಸಿಯಲ್ಲಿ. ಆಫೀಸು, ಕಾರು, ಮಾಲ್ ಎಲ್ಲ ತಂಪು, ಹಾಗಾಗಿ ಇಂಥ ಬೆಚ್ಚಗಿನ ಸಿಹಿ ಪರಿಮಳ ಹದವಾಗಿ ಏಳುತ್ತದೆ. ಇಲ್ಲಿನವರು ಬಟ್ಟೆಗೆ ಬಖೂರ್ ಅನ್ನುವ ಸುಗಂಧ ಧೂಪದ ಹೊಗೆ ಹಿಡಿದು, ಮೈಗೆ ಅತ್ತರು ಹಚ್ಚಿ, ಅದರ ಮೇಲೆ ಸ್ಪ್ರೇ ಬೇರೆ ಹೊಡೆಯುತ್ತಾರೆ, ಯಾರಿಗೂ ಜಾಸ್ತಿ ಅನಿಸುವುದಿಲ್ಲ. ಅದು ಅವರ ಮರ್ಯಾದೆಯ ರೀತಿ, ನನಗೂ ತುಂಬ ಇಷ್ಟ. ಅಷ್ಟೇ ಸ್ಪ್ರೇಯನ್ನು ಊರಲ್ಲಿ ಮೇ ತಿಂಗಳ ಸಿಟಿ ಬಸ್ಸಿನಲ್ಲಿ, ಇಲ್ಲವೇ ಫ್ಯಾನ್ ಮಾತ್ರ ತಿರುಗುವ ಮದುವೆ ಹಾಲಿನಲ್ಲಿ ಹೊಡೆದುಕೊಂಡು ಹೋದರೆ ಪಕ್ಕದವರಿಗೆ ತಲೆನೋವು ಬರುತ್ತದೆ. ಸೆಕೆಗೆ ಪರಿಮಳ ಬೇಗ ಬೇಗ ಏಳುತ್ತದೆ, ಸಿಹಿ ಮುಖಕ್ಕೆ ಹೊಡೆಯುತ್ತದೆ. ಅಲ್ಲಿ ಮಲ್ಲಿಗೆ, ಗಂಧದ ಪರಿಮಳವೂ ಇರುತ್ತದಲ್ವಾ, ಅದರ ಜೊತೆ ಖರ್ಜೂರಕ್ಕಿಂತ ಏಲಕ್ಕಿ ಚೆನ್ನಾಗಿ ಹೊಂದುತ್ತದೆ.

ಇನ್ನೊಂದು ಮಾತು. ಊರಲ್ಲಿ ಎಷ್ಟೋ ಜನ ಬಾಟಲಿ ಮುಚ್ಚಳ ಮೂಸಿ ಅಲ್ಲೇ ದುಡ್ಡು ಕೊಡುತ್ತಾರೆ. ಇಲ್ಲಿ ದುಬೈಯ ಹಳೆ ಪೇಟೆ ದೇರಾ ಕಡೆಯ ಅಂಗಡಿಗಳಲ್ಲಿ ಕೈಗೆ ಹೊಡೆಸಿಕೊಂಡು ಒಂದು ಸುತ್ತು ತಿರುಗಿ ಬಂದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಈ ಜೋಡಿಗೆ ಅದು ಬೇಕೇ ಬೇಕು. ಮೊದಲ ಅರ್ಧ ಗಂಟೆ ಎರಡಕ್ಕೂ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ, ಆಮೇಲೆ ನಿಧಾನಕ್ಕೆ ಆರುವ ವೆನಿಲಾ, ಅದರಂತೆಯೇ ಸಿಹಿ ಘಮದ ಟೊಂಕಾ ಬೀಜ ಉಳಿದು ನನ್ನ ಮೂಗಿಗಂತೂ ಎರಡೂ ಹತ್ತಿರ ಹತ್ತಿರ. ಅದಕ್ಕೇ ಸುಮ್ನೆ ಎರಡೂ ಕೊಳ್ಳಬೇಡಿ. ಒಂದೊಂದು ಕೈಗೆ ಒಂದೊಂದು ಹೊಡೆಸಿ, ಊಟ ಮುಗಿಸಿ ಬಂದು ಮೂಸಿ ನೋಡಿ. ಹಾಗೇ, ನಿಮ್ಮ ಊರು ಮಡಿಕೇರಿಯೋ ಚಿಕ್ಕಮಗಳೂರೋ ಆಗಿದ್ದು, ಡಿಸೆಂಬರ್ ಚಳಿಗೆ ಹೋಗುತ್ತಿದ್ದರೆ, ಖಮ್ರಾನೇ ತಗೊಳ್ಳಿ.