ಹಿಂದಕ್ಕೆ ಹತ್ತು ಸೆಕೆಂಡ್

ಮಗಳು ಈ ಬೇಸಿಗೆಗೆ ಮೊದಲ ಸಲ ಕ್ಯಾಂಪಿಗೆ ಹೊರಟಿದ್ದಾಳೆ. ಟೊರೊಂಟೊದಿಂದ ಉತ್ತರಕ್ಕೆ, ಕೆರೆ, ಕಾಡು, ಸೊಳ್ಳೆ. "ನಿಂಗೇನಮ್ಮ ಗೊತ್ತು ಕ್ಯಾಂಪ್ ಅಂದ್ರೆ?" ಅಂದಳು.

ಗೊತ್ತಿಲ್ಲದೆ ಏನು? ಮೈಸೂರಿನಲ್ಲಿ ಪಿಯುಸಿ ಓದುವಾಗಲೇ ಬಾಡಿಗೆ ಕ್ಯಾಸೆಟ್ ತಂದು ಬೇಸಿಗೆ ಕ್ಯಾಂಪಿನ ಹಾಸ್ಯ ಸಿನಿಮಾ 'ಮೀಟ್‌ಬಾಲ್ಸ್' ನೋಡಿದವಳು ನಾನು. 1979ರದ್ದು. ಬಿಲ್ ಮರೆ ಮೊದಲ ಸಲ ಹೀರೋ ಆದ ಸಿನಿಮಾ. ಶೂಟಿಂಗ್ ಇದೇ ಒಂಟಾರಿಯೋದ ಹ್ಯಾಲಿಬರ್ಟನ್ ಕಡೆ, ನಿಜವಾದ ಕ್ಯಾಂಪಿನಲ್ಲೇ. ಹಾಕಿಯೇ ಬಿಟ್ಟೆ. ಒಂದು ದೊಡ್ಡ ಬೇಸಿನ್ ಚುರುಮುರಿಯನ್ನೂ ಕಲಸಿದೆ.

ಊರಿಂದ ಬಂದಿದ್ದ ಅತ್ತೆಯವರು ಹೂಬತ್ತಿ ಹೊಸೆಯುತ್ತಾ ಬಂದು ಕೂತರು. "ಏನಿದು, ಅಡುಗೆ ಕಾರ್ಯಕ್ರಮವಾ?" ಹೆಸರಿನ ಅರ್ಥ ಮಾಂಸದ ಉಂಡೆ ಅಂತ ಹೇಳುವ ಧೈರ್ಯ ನನಗಿರಲಿಲ್ಲ.

ನನಗೆ ನೆನಪಿದ್ದದ್ದು ಎರಡೇ. ಮೂಲೆ ಸೇರಿದ್ದ ರೂಡಿ ಅನ್ನೋ ಹುಡುಗನನ್ನು ಟ್ರಿಪ್ಪರ್, ಅಂದರೆ ಬಿಲ್ ಮರೆ, ಹುರಿದುಂಬಿಸಿ ಓಟ ಗೆಲ್ಲಿಸೋದು. ಇನ್ನೊಂದು, ಕ್ಯಾಂಪಿನ ಯಜಮಾನ ಮಾರ್ಟಿಯನ್ನು ಮಲಗಿದ್ದ ಹಾಗೇ ಮಂಚದ ಸಮೇತ ರಾತ್ರೋರಾತ್ರಿ ಎತ್ತಿಕೊಂಡು ಹೋಗೋದು. ಮಿಕ್ಕಿದ್ದೆಲ್ಲ ನನ್ನ ತಲೆ ಯಾವಾಗಲೋ ಸೆನ್ಸಾರ್ ಮಾಡಿ ಇಟ್ಟಿತ್ತು. ಮಿಕ್ಕಿದ್ದೇ ಜಾಸ್ತಿ ಇತ್ತು.

ಆ ಸೋಫಾ ಸೀನ್ ಬಂತು. ಕ್ಯಾಂಪಿನ ಹುಡುಗಿಯರನ್ನು ನೋಡಿಕೊಳ್ಳುವ ರಾಕ್ಸಾನ್ ಬೇಡ ಬೇಡ ಅಂತ ಕೊಸರಾಡುತ್ತಾಳೆ, ಟ್ರಿಪ್ಪರ್ ಬಿಡುವುದಿಲ್ಲ. ಇದು ತಮಾಷೆಯಂತೆ! ಮಗಳು ಚುರುಮುರಿ ಅಗಿಯೋದನ್ನೇ ನಿಲ್ಲಿಸಿದಳು. ನಾನು ಗಾಬರಿಯಲ್ಲಿ ರಿಮೋಟ್ ಹಿಡಿದು ಮುಂದಕ್ಕೆ ಓಡಿಸಲು ಹೋದೆ. ಕೈಯೆಲ್ಲ ಎಣ್ಣೆ. ಬೆರಳು ಜಾರಿ ಹಿಂದಿನ ಬಟನ್ ಮೇಲೆ ಕೂತಿತು. ಹತ್ತು ಸೆಕೆಂಡ್ ಹಿಂದಕ್ಕೆ. ಅದೇ ಸೀನ್ ಎರಡನೇ ಸಲ. ಮತ್ತೆ ಒತ್ತಿದೆ. ಮೂರನೇ ಸಲ.

"ಅಮ್ಮಾ, ನಿಂಗೆ ಇಷ್ಟವಾ ಇದು?"

ಅತ್ತೆಯವರು ಬತ್ತಿಯಿಂದ ತಲೆಯೆತ್ತಲೂ ಇಲ್ಲ. "ಆ ಹುಡುಗಿ ಅಷ್ಟು ಹೊತ್ತಿಂದ ಬೇಡ ಅಂತಿದ್ದಾಳಲ್ಲ. ಅವನಿಗೇನು ಕಿವಿ ಕೇಳಲ್ವಾ?"

ಅವರಿಗೆ ಇಂಗ್ಲಿಷ್ ಬರುವುದಿಲ್ಲ. ನನಗೆ ಆಗಲೂ ಬರುತ್ತಿತ್ತು. ಪಕ್ಕದ ಮನೆ ಹುಡುಗಿಯರ ಜೊತೆ ಕೂತು ಇದೇ ಸೀನಿಗೆ ನಕ್ಕಿದ್ದೆ. ಎಲ್ಲರೂ ನಗುತ್ತಿದ್ದರು ಅಂತ ನಕ್ಕಿದ್ದೋ, ಏನೋ. ಅದನ್ನು ಮಗಳಿಗೆ ಹೇಳಲು ಹೋಗಿ, ಚುರುಮುರಿಗೆ ಉಪ್ಪು ಸಾಕಾಯ್ತಾ ಅಂತ ಕೇಳಿದೆ.

ಹಾಟ್ ಡಾಗ್ ತಿನ್ನೋ ಪಂದ್ಯ ಬಂದಾಗ ಅತ್ತೆಯವರು ದೇವರ ಮನೆಗೆ ಎದ್ದು ಹೋದರು. ರೂಡಿಯ ಓಟಕ್ಕೆ ಮಾತ್ರ ಮಗಳು ಸೋಫಾದ ತುದಿಗೆ ಬಂದಿದ್ದಳು. ನೋಡಿಯೂ ನೋಡದ ಹಾಗೆ ಸುಮ್ನೆ ಇದ್ದೆ.

ಕೊನೆಗೆ ಮಾರ್ಟಿಯ ಮಂಚ ಕೆರೆಯ ಮೇಲೆ ತೇಲಿತು. ವಾಪಸ್ ಬಂದಿದ್ದ ಅತ್ತೆಯವರು ಬತ್ತಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಥೇಟ್ ನಿಮ್ಮ ಮಾವನ ನಿದ್ದೆ! ಅದೊಂದನ್ನ ಇನ್ನೊಂದ್ಸಲ ಹಾಕಮ್ಮ."

ಈ ಸಲ ಸೋಪು ಹಚ್ಚಿ ಕೈ ತೊಳೆದು ಬಂದು ಒತ್ತಿದೆ.